ಹೂದಾನಿ ಇಲ್ಲದ ಹೂಗಳು

ಮಗಳ ಬಾಣಂತನಕ್ಕೆಂದು ಹೋದವಳು ನಾನು, ಚಿತ್ರ ನೋಡಲೆಂದು ಹೋದವಳಲ್ಲ. ಬಜೆ, ಓಮ, ಒಣಶುಂಠಿ, ಅಂಟಿನ ಉಂಡೆ, ಮೆತ್ತಗಾದ ಹಳೆಯ ಹತ್ತಿ ಸೀರೆಗಳು, ಇವನ್ನೇ ತುಂಬಿದ ಎರಡು ಪೆಟ್ಟಿಗೆಗಳೊಂದಿಗೆ 2022ರ ನವೆಂಬರ್ ಕೊನೆಯಲ್ಲಿ ಎಸ್ಟೋನಿಯಾ ದೇಶದ ರಾಜಧಾನಿ ತಾಲಿನ್ನಿನಲ್ಲಿ ಇಳಿದಾಗ ಮಧ್ಯಾಹ್ನ ನಾಲ್ಕು ಗಂಟೆ. ಹೊರಗೆ ನೋಡಿದರೆ ಕಗ್ಗತ್ತಲು. ಕೈಗಡಿಯಾರ ಕೆಟ್ಟಿತೇನೋ ಎಂದು ಅದನ್ನು ಕಿವಿಗೆ ಹಿಡಿದು ನೋಡಿದೆ. ಕರೆದೊಯ್ಯಲು ಬಂದಿದ್ದ ಅಳಿಯಂದಿರು ನಕ್ಕು, "ಅತ್ತೆ, ಇಲ್ಲಿ ಚಳಿಗಾಲವೆಂದರೆ ಹೀಗೇ. ಡಿಸೆಂಬರಿನಲ್ಲಿ ಹಗಲು ಅಂತ ಇರೋದೇ ಆರು ಗಂಟೆ" ಎಂದರು. ಆ ಆರು ಗಂಟೆಯ ಹಗಲೂ ನಮ್ಮ ಹಗಲಿನಂಥದಲ್ಲ. ಒಲೆಯ ಬೂದಿಯನ್ನು ನೀರಿನಲ್ಲಿ ಕಲಸಿ ಆಕಾಶಕ್ಕೆ ಬಳಿದಂತಿರುತ್ತಿತ್ತು. ಜನರ ಕೋಟುಗಳು ಕಪ್ಪು, ಮರಗಳು ಕಪ್ಪು, ಸಮುದ್ರ ಸೀಸದ ಬಣ್ಣ. ಹದಿನೈದು ದಿನ ಕಳೆಯುವುದರೊಳಗೆ ನನ್ನ ಕಣ್ಣಿಗೆ ಬಣ್ಣದ ಹಸಿವು ಹತ್ತಿತು. ಹಸಿವೆಂದರೆ ಹಸಿವೇ. ಪೆಟ್ಟಿಗೆ ತೆರೆದು ನನ್ನದೇ ಅರಿಸಿನ ಬಣ್ಣದ ಸೀರೆಯನ್ನು ಸುಮ್ಮನೆ ನೋಡಿ ಮುಚ್ಚಿಡುತ್ತಿದ್ದೆ.

ಮನೆಯಿಂದ ಸ್ವಲ್ಪ ದೂರದಲ್ಲಿ ತೆಲ್ಲಿಸ್ಕಿವಿ ಎಂಬ ಜಾಗವಿದೆ. ಆ ಮಾತಿಗೆ ಅವರ ಭಾಷೆಯಲ್ಲಿ ಇಟ್ಟಿಗೆ ಎಂದು ಅರ್ಥವಂತೆ. ಹಳೆಯ ಕಾರ್ಖಾನೆಗಳ ಕಟ್ಟಡಗಳು ಈಗ ಹೋಟೆಲು, ಅಂಗಡಿ, ನಾಟಕಶಾಲೆಗಳಾಗಿವೆ. ಅವುಗಳ ಗೋಡೆಗಳ ಮೇಲೆಲ್ಲ ಎಳೆಯ ಚಿತ್ರಗಾರರು ಬಣ್ಣ ಸುರಿದಿದ್ದಾರೆ. ನೇರಳೆ ಮುಖ, ಕಿತ್ತಳೆ ಕೂದಲು, ಕಾರ್ಟೂನಿನಿಂದ ಎದ್ದು ಬಂದಂಥ ಕಣ್ಣುಗಳು, ಒಂದರ ಪಕ್ಕ ಒಂದು ಇಟ್ಟರೆ ಕಣ್ಣು ಕುಕ್ಕುವಂಥ ಹಸಿರು ಮತ್ತು ಗುಲಾಬಿ. ಔಷಧಿ ತರಲು ಹೋದವಳು ಆ ಗೋಡೆಗಳ ಮುಂದೆ ಚಳಿಯಲ್ಲಿ ನಿಂತುಬಿಟ್ಟೆ. ತಡವಾಗಿ ಬಂದದ್ದಕ್ಕೆ ಮಗಳ ಕೈಯಲ್ಲಿ ಬೈಸಿಕೊಂಡದ್ದೂ ಆಯಿತು. ಆದರೆ ಆ ಭಾನುವಾರ ಅಳಿಯಂದಿರೇ, "ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ನೀವು ಕುಮು ನೋಡಿ ಬನ್ನಿ ಅತ್ತೆ. ಈ ಗೋಡೆಚಿತ್ರಗಳ ಅಜ್ಜಿ ಅಲ್ಲಿದ್ದಾಳೆ" ಎಂದು ಟ್ರಾಮ್ ಹತ್ತಿಸಿದರು.

ಕುಮು ಎನ್ನುವುದು ಅವರ ದೊಡ್ಡ ಕಲಾಸಂಗ್ರಹಾಲಯ. 2006ರಲ್ಲಿ ತೆರೆದದ್ದು, ಫಿನ್ಲೆಂಡಿನ ವಾಸ್ತುಶಿಲ್ಪಿ ಪೆಕ್ಕಾ ವಾಪಾವೂರಿ ಕಟ್ಟಿದ್ದು. ಸುಣ್ಣಕಲ್ಲಿನ ದಿಬ್ಬದೊಳಗೆ ಅರ್ಧ ಹುದುಗಿಕೊಂಡು ಕೂತಿದೆ. ಅಳಿಯಂದಿರು ಹೇಳಿದ ಅಜ್ಜಿಯ ಹೆಸರು ಓದಿ ನಾನು ಬೆರಗಾದೆ. ಮಲ್ಲೆ! ಮಲ್ಲೆ ಲೆಯಿಸ್. ಅವರು ಉಚ್ಚರಿಸುವುದೂ ನಾವು ಮಲ್ಲೆ ಹೂವೆನ್ನುವಾಗ ಹೇಳುವ ಹಾಗೆಯೇ, ಆ ಒತ್ತಕ್ಷರದ ಸಮೇತ. ಎರಡು ಭಾಷೆಗಳಿಗೂ ನಂಟಿಲ್ಲ, ಇದು ಬರಿಯ ಕಾಕತಾಳೀಯ, ನನಗೆ ಗೊತ್ತು. ಆದರೂ ಜೀವಮಾನವೆಲ್ಲ ಹೂವನ್ನೇ ಬರೆದ ಹೆಂಗಸಿಗೆ ಆ ಹೆಸರಿರುವುದನ್ನು ಕಂಡು ಕನ್ನಡ ಬಲ್ಲ ಹೆಣ್ಣೊಬ್ಬಳು ಖುಷಿಪಡದೆ ಹೇಗಿರುತ್ತಾಳೆ, ನೀವೇ ಹೇಳಿ.

ಮಲ್ಲೆ ಹುಟ್ಟಿದ್ದು 1940ರಲ್ಲಿ, ವಿಲ್ಯಾಂಡಿ ಎಂಬ ಸಣ್ಣ ಊರಿನಲ್ಲಿ. ಅದೇ ವರ್ಷ ಸೋವಿಯತ್ ಒಕ್ಕೂಟ ಎಸ್ಟೋನಿಯಾವನ್ನು ನುಂಗಿತು. ನಡುವೆ ಮೂರು ವರ್ಷ ಜರ್ಮನ್ನರ ಕೈಯಲ್ಲಿದ್ದು, ಮತ್ತೆ ಸೋವಿಯತ್ ಕೈಸೇರಿ, ಕೊನೆಗೆ 1991ರ ಆಗಸ್ಟಿನಲ್ಲಿ ಆ ಪುಟ್ಟ ದೇಶ ಪುನಃ ಸ್ವತಂತ್ರವಾಯಿತು. ಅಂದರೆ ಈಕೆಯ ಬಾಲ್ಯ, ಓದು, ಮದುವೆ, ಹೆಸರು ಗಳಿಸಿದ ಕಾಲ ಎಲ್ಲವೂ ಒಂದು ದೊಡ್ಡ ಸರಕಾರದ ಕಣ್ಣಿನ ಕೆಳಗೇ ನಡೆದವು. 1967ರಲ್ಲಿ ತಾಲಿನ್ನಿನ ಕಲಾ ಸಂಸ್ಥೆಯಿಂದ ಪದವಿ ಪಡೆದಳು. ಓದಿದ್ದು ಚಿತ್ರಕಲೆಯನ್ನಲ್ಲ, ರಂಗಸಜ್ಜಿಕೆಯನ್ನು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಓದುವಾಗಲೇ ಗೆಳೆಯ ಗೆಳತಿಯರು ಸೇರಿ ಆಂಕ್ '64 ಎಂಬ ಗುಂಪು ಕಟ್ಟಿಕೊಂಡರು. ತ್ಯೋನಿಸ್ ವಿಂಟ್, ಯೂರಿ ಅರ್ರಾಕ್ ಅದರಲ್ಲಿದ್ದರು. ಆಯ್ಲಿ ವಿಂಟ್, ಮರ್ಯು ಮುತ್ಸು, ಕ್ರಿಸ್ತೀನಾ ಕಾಸಿಕ್ ಹೀಗೆ ಹೆಣ್ಣುಮಕ್ಕಳೂ ಹಲವರಿದ್ದರು. ಮಲ್ಲೆಯ ಗಂಡ ವಿಲ್ಲು ಯೋಗೆವಾ ಎಂಜಿನಿಯರು, ಚಲಿಸುವ ಬೆಳಕಿನ ಕಲಾವಸ್ತುಗಳನ್ನು ಮಾಡುತ್ತಿದ್ದವನು. ಆಕೆ ತೀರಿಕೊಂಡದ್ದು 2017ರಲ್ಲಿ.

ಇಷ್ಟು ಪರಿಚಯ ಸಾಕು. ಜೀವನ ಚರಿತ್ರೆ ಬರೆಯುವುದು ನನ್ನ ಉದ್ದೇಶವಲ್ಲ. ಈ ಚಿತ್ರಗಳ ಬಗ್ಗೆ ಯಾರೋ ಏನೋ ಅಂದದ್ದು ನನ್ನನ್ನು ಕೆಣಕಿತು, ಅದಕ್ಕೇ ಬರೆಯುತ್ತಿದ್ದೇನೆ. ಆ ದಿನ ನನ್ನ ಪಕ್ಕದಲ್ಲಿ ನಿಂತಿದ್ದ ಒಬ್ಬ ಮಧ್ಯವಯಸ್ಸಿನ ಪ್ರವಾಸಿ ತನ್ನ ಹೆಂಡತಿಗೆ ಇಂಗ್ಲಿಷಿನಲ್ಲಿ, "ಚೆನ್ನಾಗಿದೆ, ಆದರೆ ಹೂವಷ್ಟೇ" ಎಂದು ಮುಂದೆ ಹೋದ. ಹೆಂಡತಿ ಇನ್ನೂ ಎರಡು ನಿಮಿಷ ನಿಂತಿದ್ದಳು, ಆಮೇಲೆ ಅವಳೂ ಹೋದಳು.

ಹೂವಷ್ಟೇ. ಈ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ!

ಏನಿದೆ ಆ ಚಿತ್ರಗಳಲ್ಲಿ? ಬಣ್ಣದ ಒಂದು ಬಯಲು. ಅದು ಒಮ್ಮೆ ಅಚ್ಚ ನೀಲಿ, ಒಮ್ಮೆ ಕೆಂಪು, ನಂತರದ ವರ್ಷಗಳಲ್ಲಿ ಹೆಚ್ಚಾಗಿ ಕಪ್ಪು. ಆ ಬಯಲಿನಲ್ಲಿ ಕುಂಚದ ಗೆರೆ ಕಾಣದಷ್ಟು ನುಣುಪು. ಅದರ ಮೇಲೆ ಟ್ಯುಲಿಪ್ ಹೂಗಳು, ಗಸಗಸೆ ಹೂಗಳು, ಲಿಲ್ಲಿಗಳು, ಒಮ್ಮೊಮ್ಮೆ ಕುಂಬಳಕಾಯಿ, ಎಲೆಕೋಸಿನಂಥ ತರಕಾರಿ. ಅವು ಯಾವುದರ ಮೇಲೂ ಕೂತಿಲ್ಲ. ಹೂದಾನಿಯಿಲ್ಲ, ಮೇಜಿಲ್ಲ, ಮೇಜುಬಟ್ಟೆಯಿಲ್ಲ, ಕಿಟಕಿಯಿಲ್ಲ, ನೆಲವೂ ಇಲ್ಲ. ನೆರಳು ಬೀಳಲು ಜಾಗವೇ ಇಲ್ಲವಾದ್ದರಿಂದ ನೆರಳೂ ಇಲ್ಲ. ಹೂ ತನ್ನಷ್ಟಕ್ಕೆ ತಾನು ತೇಲುತ್ತಿದೆ.

ಇದನ್ನು ಸೈಕೆಡೆಲಿಕ್ ಬಣ್ಣ ಎನ್ನುತ್ತಾರೆ. ಆ ಪದವನ್ನು ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯ 1956ರಲ್ಲಿ ಗ್ರೀಕ್ ಮಾತುಗಳಿಂದ ಹೊಸೆದ. ಮನಸ್ಸನ್ನು ತೆರೆದು ತೋರಿಸುವುದು ಎಂಬಂಥ ಅರ್ಥ. ಅಮೆರಿಕದ ಯುವಜನ ಅಮಲಿನ ಔಷಧಿ ತಿಂದು ಕಂಡ ಬಣ್ಣಗಳು ಮೊದಲು ಹಾಡುಗಾರರ ಭಿತ್ತಿಚಿತ್ರಗಳಿಗೂ ಗ್ರಾಮಫೋನ್ ತಟ್ಟೆಗಳ ಹೊದಿಕೆಗಳಿಗೂ ಬಂದವು. ಬೀಟಲ್ಸ್ ತಂಡದ ಹಳದಿ ಜಲಾಂತರ್ಗಾಮಿಯ ಕಾರ್ಟೂನ್ ಚಿತ್ರ ಬಂದದ್ದು 1968ರಲ್ಲಿ. ತಾಲಿನ್ನಿಗೆ ಬಂದದ್ದು ಔಷಧಿಯಲ್ಲ, ಹೊದಿಕೆ. ಸಮುದ್ರದ ಆಚೆ ಸುಮಾರು 80 ಕಿಲೋಮೀಟರು ದೂರದಲ್ಲಿ ಹೆಲ್ಸಿಂಕಿ. 1965ರಲ್ಲಿ ಎರಡೂ ಊರುಗಳ ನಡುವೆ ಹಡಗಿನ ಸಂಚಾರ ಮತ್ತೆ ಶುರುವಾಗಿತ್ತು. ಫಿನ್ಲೆಂಡಿನ ಟೆಲಿವಿಷನ್ ತಾಲಿನ್ನಿನ ಮನೆಗಳಿಗೆ ಕದ್ದು ಬರುತ್ತಿತ್ತು. ಪೋಲೆಂಡಿನ ಕಲಾಪತ್ರಿಕೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಇಷ್ಟು ಕಿಂಡಿಗಳು ಸಾಕಾದವು ಆ ಎಳೆಯರಿಗೆ.

ಆದರೆ ಇಲ್ಲೊಂದು ತಮಾಷೆಯಿದೆ. ಅಮೆರಿಕದಲ್ಲಿ ಪಾಪ್ ಕಲೆ ಹುಟ್ಟಿದ್ದು ಅಂಗಡಿಯ ತುಂಬ ಸರಕು ತುಂಬಿ ಚೆಲ್ಲುತ್ತಿದ್ದ ಕಾಲದಲ್ಲಿ. ಆಂಡಿ ವಾರ್ಹೋಲ್ 1962ರಲ್ಲಿ ಸೂಪಿನ ಡಬ್ಬಿಗಳ 32 ಚಿತ್ರಗಳನ್ನು ಸಾಲಾಗಿ ಜೋಡಿಸಿಟ್ಟಾಗ ನೋಡುಗರಿಗೆ ಅದು ಏನೆಂದು ಹೇಳಬೇಕಾಗಿರಲಿಲ್ಲ. ಎಲ್ಲರ ಅಡುಗೆಮನೆಯಲ್ಲೂ ಅದಿತ್ತು. ತಾಲಿನ್ನಿನಲ್ಲಿ ಆ ಡಬ್ಬಿ ಎಲ್ಲಿ ಸಿಗಬೇಕು? ಆದರೂ 1969ರಲ್ಲಿ ಲಿಯೋನ್‌ಹಾರ್ಡ್ ಲಾಪಿನ್, ಆಂಡ್ರೆಸ್ ತೋಲ್ಟ್ಸ್, ಆಂದೋ ಕೆಸ್ಕ್ಯೂಲಾ ಮುಂತಾದ ಹುಡುಗರು ಪೆಗಾಸಸ್ ಎಂಬ ಕಾಫಿ ಹೋಟೆಲಿನಲ್ಲಿ ಒಂದು ಪ್ರದರ್ಶನ ಮಾಡಿ ಅದಕ್ಕೆ ಸೂಪ್ '69 ಎಂದೇ ಹೆಸರಿಟ್ಟರು. ಬಾಯಿಗೆ ಹಾಕದ ಸೂಪಿನ ಹೆಸರು! ಅದರಲ್ಲಿ ಹಾಸ್ಯವೂ ಇತ್ತು, ಆಸೆಯೂ ಇತ್ತು ಎಂದು ನನಗೆ ತೋರುತ್ತದೆ. ಪರದೇಶದ ಖಾಲಿ ಡಬ್ಬಿಯನ್ನು ಬಿಸಾಡದೆ ಶೋಕೇಸಿನಲ್ಲಿಟ್ಟ ಮನೆಗಳನ್ನು ನಮ್ಮ ತಲೆಮಾರಿನವರು ನಮ್ಮ ಊರುಗಳಲ್ಲೂ ನೋಡಿದ್ದೇವೆ. ಆದ್ದರಿಂದ ಆ ಹುಡುಗರನ್ನು ನೋಡಿ ನಗುವ ಹಕ್ಕು ನಮಗಿಲ್ಲ.

ಮಲ್ಲೆ ಮಾಡಿದ್ದು ಬೇರೆ. ಪಾಪ್ ಕಲೆಯ ಭಾಷೆಯನ್ನೆಲ್ಲ ಆಕೆ ತೆಗೆದುಕೊಂಡಳು. ಚಪ್ಪಟೆ ಬಣ್ಣ, ಜಾಹೀರಾತಿನ ಹೊಳಪು, ಕತ್ತರಿಸಿ ಅಂಟಿಸಿದಂಥ ಅಂಚು, ಎಲ್ಲವೂ ಅಲ್ಲಿದೆ. ಆದರೆ ಅದರಿಂದ ಜಾಹೀರಾತು ಮಾಡಲು ಅಂಗಡಿಯಲ್ಲಿ ಇಲ್ಲದ ಸರಕನ್ನು ಆರಿಸಲಿಲ್ಲ. ಮಣ್ಣಿನಲ್ಲಿ ಬೆಳೆಯುವುದನ್ನು ಆರಿಸಿದಳು. ಸಾಲಿನಲ್ಲಿ ನಿಲ್ಲದೆ, ಚೀಟಿಯಿಲ್ಲದೆ, ಯಾವ ಕಾರ್ಖಾನೆಯ ಯೋಜನೆಯಲ್ಲೂ ಸೇರದೆ ಮೇ ತಿಂಗಳಲ್ಲಿ ತಾನಾಗಿ ಬರುವುದನ್ನು. ನನ್ನ ತಿಳಿವಳಿಕೆಯ ಮಟ್ಟಿಗೆ ಇದು ಸೂಪ್ '69ರ ಹುಡುಗರ ತುಂಟತನಕ್ಕಿಂತ ಒಂದು ಕೈ ಮೇಲು. ಅವರು ಇಲ್ಲದ್ದನ್ನು ನಕಲು ಮಾಡಿದರು, ಈಕೆ ಇದ್ದದ್ದನ್ನು ಬೆಳಗಿದಳು.

ವಾರ್ಹೋಲನೂ ಹೂವಿನ ಚಿತ್ರ ಮಾಡಿದ್ದಾನೆ, 1964ರಲ್ಲಿ. ನಮ್ಮ ಹೆಂಗಸರಿಗೆ ಕುತೂಹಲವಾದೀತು, ಅವು ದಾಸವಾಳಗಳು. ಪೆಟ್ರೀಷಿಯಾ ಕಾಲ್‌ಫೀಲ್ಡ್ ಎಂಬಾಕೆ ತೆಗೆದು ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದ ಫೋಟೋವನ್ನು ಕೇಳದೆ ಬಳಸಿಕೊಂಡ. ಆಕೆ 1966ರಲ್ಲಿ ಮೊಕದ್ದಮೆ ಹೂಡಿದಳು. ಆ ಚಿತ್ರಗಳನ್ನು ನೋಡಿ ಅದು ದಾಸವಾಳವೆಂದು ನಮ್ಮ ಹಿತ್ತಲಿನ ದಾಸವಾಳ ಬಲ್ಲ ನಾನೂ ಗುರುತಿಸಲಾರದೆ ಹೋಗಿದ್ದೆ. ದಳಗಳನ್ನು ಬಣ್ಣದ ಮಚ್ಚೆ ಮಾಡಿಬಿಟ್ಟಿದ್ದಾನೆ. ಅದು ಅವನಿಗೆ ಬೇಕಾದದ್ದೇ ಇರಬಹುದು. ಎಲ್ಲ ಹೂವೂ ಒಂದೇ ಹೂವು, ಎಲ್ಲ ಡಬ್ಬಿಯೂ ಒಂದೇ ಡಬ್ಬಿ. ಮಲ್ಲೆಯ ಹೂವಿನಲ್ಲಿ ಹಾಗಲ್ಲ. ಬಣ್ಣ ಎಷ್ಟೇ ಕಿರುಚಲಿ, ಹತ್ತು ಟ್ಯುಲಿಪ್‌ಗಳಿದ್ದರೆ ಹತ್ತಕ್ಕೂ ಬೇರೆ ಬೇರೆ ಜಾತಕ. ಒಂದು ಇನ್ನೂ ಮೊಗ್ಗು, ಬಿಗಿಯಾಗಿದೆ. ಒಂದು ಅರಳಿ ದಳದ ತುದಿ ಹೊರಕ್ಕೆ ಮಗುಚಿದೆ. ಇನ್ನೊಂದು ಸೋಲುತ್ತಿದೆ. ದಳದ ಬುಡದಲ್ಲಿ ಹಸಿರು ಹೇಗೆ ಹಳದಿಗೆ ತಿರುಗುತ್ತದೆ ಎಂಬುದನ್ನು ಗಿಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನೋಡಿದವರಿಗೆ ಮಾತ್ರ ಗೊತ್ತು. ಭಿತ್ತಿಚಿತ್ರದ ಹಿನ್ನೆಲೆಯ ಮೇಲೆ ಸಸ್ಯಶಾಸ್ತ್ರದ ಪಾಠದಷ್ಟು ನಿಖರವಾದ ಹೂವು. ಈ ಎರಡರ ಜಗಳವೇ ಆ ಚಿತ್ರಗಳ ಜೀವ. ಬಣ್ಣ ಎಲ್ಲವನ್ನೂ ಒಂದೇ ಮಾಡಹೋಗುತ್ತದೆ, ಗೆರೆ ಒಪ್ಪುವುದಿಲ್ಲ.

ಹೂದಾನಿಯ ಮಾತಿಗೆ ಬರುತ್ತೇನೆ. ಯೂರೋಪಿನಲ್ಲಿ ಹೂವಿನ ಚಿತ್ರಕ್ಕೆ ದೊಡ್ಡ ಪರಂಪರೆಯೇ ಇದೆ. ಹಾಲೆಂಡಿನ ರಾಹೆಲ್ ರೌಶ್ (1664-1750) ಎಂಬಾಕೆ ಹೂವು ಬರೆದೇ ದೊಡ್ಡ ಹೆಸರು ಗಳಿಸಿದಳು. ಅವಳ ತಂದೆ ಸಸ್ಯಶಾಸ್ತ್ರ ಬಲ್ಲವನು. ಆ ಚಿತ್ರಗಳ ಹಿನ್ನೆಲೆಯೂ ಕಡುಗಪ್ಪೇ. ಆದರೆ ಅಲ್ಲಿ ಹೂವೆಲ್ಲ ಹೂದಾನಿಯಲ್ಲಿದೆ, ಹೂದಾನಿ ಅಮೃತಶಿಲೆಯ ಕಟ್ಟೆಯ ಮೇಲಿದೆ. ಅಂದರೆ ಆ ಹೂವು ಯಾರದೋ ಮನೆಯದು. ಹೂವಿನಷ್ಟೇ ಯಜಮಾನನ ಸಿರಿಯನ್ನೂ ನಾವು ನೋಡುತ್ತಿದ್ದೇವೆ. ಅಮೆರಿಕದ ಜಾರ್ಜಿಯಾ ಓಕೀಫ್ (1887-1986) ಹೂದಾನಿಯನ್ನು ತೆಗೆದುಹಾಕಿದಳು, ನಿಜ. ಆಕೆ ಹೂವನ್ನು ಚೌಕಟ್ಟಿನ ತುಂಬ ಹಿಗ್ಗಿಸಿದಳು, ನಾವು ಹೂವಿನೊಳಗೆ ಇರುವೆಯಂತೆ ಹೊಕ್ಕಹಾಗಾಗುತ್ತದೆ. ಮಲ್ಲೆ ಹೂವನ್ನು ಹೂವಿನಷ್ಟೇ ಇಟ್ಟು ಸುತ್ತ ಜಾಗ ಬಿಟ್ಟಳು. ಯಾರ ಮನೆಯೂ ಅಲ್ಲದ, ಯಾರ ಮೇಜೂ ಅಲ್ಲದ ಜಾಗ.

ಆ ಕಪ್ಪು ಜಾಗವನ್ನು ಕೆಲವರು ಕಾಲದ ಕತ್ತಲೆ ಎಂದು ಓದುತ್ತಾರೆ. ಸೋವಿಯತ್ ಆಡಳಿತ, ಭಯ, ಮೌನ. ಇರಬಹುದು. ಆದರೆ ಆ ನಾಡಿನ ಚಿತ್ರವೆಂದರೆ ಪ್ರತಿಭಟನೆಯೇ ಆಗಿರಬೇಕೆಂಬ ಹಟ ನನಗೆ ಒಗ್ಗುವುದಿಲ್ಲ. ಈಕೆಯ ಚಿತ್ರಗಳು ನೆಲಮಾಳಿಗೆಯಲ್ಲಿ ಅಡಗಿರಲಿಲ್ಲ, ಅಲ್ಲಿನ ಪ್ರದರ್ಶನಗಳಲ್ಲಿ ಇರುತ್ತಿದ್ದವು. ಅದೇ ಹೊತ್ತಿಗೆ ನಾರ್ಟನ್ ಡಾಜ್ ಎಂಬ ಅಮೆರಿಕದ ಪ್ರಾಧ್ಯಾಪಕ ಸರಕಾರದ ಹಾದಿಗೆ ಹೊರತಾದ ಸೋವಿಯತ್ ಕಲೆಯೆಂದು ಸಾವಿರಾರು ಚಿತ್ರಗಳನ್ನು ಕೂಡಿಸಿದನಲ್ಲ, ಆ ಸಂಗ್ರಹದಲ್ಲಿಯೂ ಈಕೆ ಇದ್ದಾಳೆ. ಒಳಗೂ ಇದ್ದಳು, ಹೊರಗೂ ಇದ್ದಳು. ರಂಗಸಜ್ಜಿಕೆ ಓದಿದವಳೆಂದು ಆಗಲೇ ಹೇಳಿದೆನಲ್ಲ, ನನಗೆ ಆ ಕಪ್ಪು ಕಂಡದ್ದು ರಂಗದ ಕತ್ತಲೆಯಾಗಿ. ನಾಟಕದಲ್ಲಿ ದೀಪವೆಲ್ಲ ಆರಿಸಿ ಒಬ್ಬ ಪಾತ್ರಧಾರಿಯ ಮೇಲೆ ಮಾತ್ರ ಬೆಳಕು ಬಿಟ್ಟರೆ ಅವಳು ಯಾವ ಊರಿನವಳು, ಯಾರ ಮಗಳು, ಯಾರ ಹೆಂಡತಿ ಎಂಬುದೆಲ್ಲ ಅಳಿಸಿಹೋಗಿ ಅವಳೊಬ್ಬಳೇ ಉಳಿಯುತ್ತಾಳೆ. ಹಾಗೆ ಟ್ಯುಲಿಪ್.

ನಿಮ್ಮಲ್ಲಿ ಐವತ್ತು ದಾಟಿದವರಿಗೆ ಸೋವಿಯತ್ ಲ್ಯಾಂಡ್ ಪತ್ರಿಕೆ ನೆನಪಿರಬೇಕು. ಕನ್ನಡದಲ್ಲೂ ಬರುತ್ತಿತ್ತು. ಓದಿದವರಿಗಿಂತ ಪಠ್ಯಪುಸ್ತಕಕ್ಕೆ ಬೈಂಡು ಹಾಕಿದವರೇ ಹೆಚ್ಚು, ಅಷ್ಟು ಗಟ್ಟಿ ಹೊಳೆಯುವ ಕಾಗದ. ನನ್ನ ಐದನೆಯ ತರಗತಿಯ ಗಣಿತದ ಪುಸ್ತಕದ ಮೇಲೆ ಗೋಧಿಯ ಕಟ್ಟು ಹಿಡಿದು ನಗುವ ಹೆಂಗಸೊಬ್ಬಳಿದ್ದಳು. ಆ ಕಾಲದ ಅಲ್ಲಿನ ಅಧಿಕೃತ ಚಿತ್ರಗಳಲ್ಲೂ ಅವಳೇ ಇರುತ್ತಿದ್ದಳು. ಹಾಲು ಕರೆಯುವವಳು, ಟ್ರ್ಯಾಕ್ಟರ್ ಓಡಿಸುವವಳು, ಪದಕ ಧರಿಸಿದವಳು, ಸದಾ ದುಡಿಯುವವಳು, ಸದಾ ನಗುವವಳು. ಮಲ್ಲೆ ಬರೆದ ಗೆಳೆಯ ಗೆಳತಿಯರ ಚಿತ್ರಗಳನ್ನು ಅದರ ಪಕ್ಕ ಇಟ್ಟು ನೋಡಿ. ಅವರು ಏನೂ ಕೆಲಸ ಮಾಡುತ್ತಿಲ್ಲ. ನಗುತ್ತಲೂ ಇಲ್ಲ. ಅಚ್ಚ ಬಣ್ಣದ ಬಯಲಿನಲ್ಲಿ ಸುತ್ತ ಹೂವಿಟ್ಟುಕೊಂಡು ಸುಮ್ಮನೆ ಇದ್ದಾರೆ. ಮಹಿಳಾ ದಿನವೆಂದು ಮಾರ್ಚ್ 8ರಂದು ಅಲ್ಲಿ ಹೆಂಗಸರಿಗೆಲ್ಲ ಹೂವು ಕೊಡುವ ಪದ್ಧತಿಯಿತ್ತು, 1966ರಿಂದ ಅಂದು ರಜೆಯೂ ಇತ್ತು. ಮಿಕ್ಕ ದಿನ ಕಾರ್ಖಾನೆಯ ಪಾಳಿ, ಅಂಗಡಿಯ ಸಾಲು, ಮನೆಯ ಅಡುಗೆ ಎಲ್ಲವೂ ಅವಳದೇ. ಮಲ್ಲೆಯ ಹೂಗಳು ಆ ಮಾರ್ಚ್ 8ರ ಹೂಗಳಲ್ಲ. ಅವನ್ನು ಯಾರೂ ಯಾರಿಗೂ ಕೊಡುತ್ತಿಲ್ಲ.

ಆಕೆ ಎಣ್ಣೆಬಣ್ಣ, ಜಲವರ್ಣ ಎರಡರಲ್ಲೂ ಬರೆದಳು. ಆದರೆ ಹೆಚ್ಚು ಪ್ರಸಿದ್ಧವಾದದ್ದು ಸೆರಿಗ್ರಾಫ್ ಎಂಬ ಮುದ್ರಣಚಿತ್ರಗಳು. ಹೆಸರು ಕೇಳಿ ಹೆದರಬೇಡಿ, ನಮ್ಮ ಊರಿನಲ್ಲಿ ಮದುವೆ ಕಾಗದ ಮಾಡಿಕೊಡುವ ಸ್ಕ್ರೀನ್ ಪ್ರಿಂಟಿಂಗ್‌ನದೇ ಜಾತಿ. ಚೌಕಟ್ಟಿಗೆ ಬಿಗಿದ ತೆಳುಬಟ್ಟೆ, ಅದರಲ್ಲಿ ಬೇಡದ ಕಡೆ ರಂಧ್ರ ಮುಚ್ಚಿ, ಮೇಲಿನಿಂದ ರಬ್ಬರ್ ಪಟ್ಟಿಯಲ್ಲಿ ಬಣ್ಣ ಎಳೆಯುವುದು. ಒಂದು ಬಣ್ಣಕ್ಕೆ ಒಂದು ಪರದೆ. ಮದುವೆ ಕಾಗದದಲ್ಲಿ ಎರಡು ಬಣ್ಣ ಕೂಡುವಾಗಲೇ ಗಣಪತಿಯ ಸೊಂಡಿಲು ಅಂಚಿನಿಂದ ಆಚೆ ಸರಿದಿರುತ್ತದೆ. ಈಕೆ ಅನೇಕ ಬಣ್ಣಗಳನ್ನು ಒಂದರ ಮೇಲೊಂದು ಕೂದಲೆಳೆ ತಪ್ಪದಂತೆ ಕೂರಿಸಿದ್ದಾಳೆ. ದಳದ ಕೆಂಪು ಗುಲಾಬಿಗೆ ಇಳಿಯುವ ಕಡೆ ನಾನು ಕನ್ನಡಕ ತೆಗೆದು ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಕಾವಲಿನ ಹೆಂಗಸು ಕೆಮ್ಮಿದಳು.

ಎಲ್ಲವನ್ನೂ ಹೊಗಳಲು ನನ್ನಿಂದಾಗದು. ಆಮೇಲೆ ಸಂಗ್ರಹಾಲಯದ ಅಂಗಡಿಯಲ್ಲಿ ಪುಸ್ತಕವೊಂದರ ಹಾಳೆ ತಿರುವುತ್ತ ಹೋದಂತೆ ಒಂದು ದಣಿವು ಬಂತು. ಅದೇ ಕಪ್ಪು, ಅದೇ ತೇಲುವ ಹೂವು, ಮತ್ತೆ ಅದೇ. ಕಂಡುಹಿಡಿದವಳ ಕೈಯಲ್ಲೇ ಕಂಡುಹಿಡಿದದ್ದು ಅಭ್ಯಾಸವಾಗಿಬಿಟ್ಟಿತೇ? ಕೆಲವು ಮುದ್ರಣಚಿತ್ರಗಳು ಕ್ಯಾಲೆಂಡರಿನ ಹತ್ತಿರ ಹತ್ತಿರ ಹೋಗುತ್ತವೆ. ಮನುಷ್ಯರ ಚಿತ್ರಗಳಲ್ಲೂ ಒಮ್ಮೊಮ್ಮೆ ಹೂವಿನ ಮೇಲಿನ ಶ್ರದ್ಧೆ ಮುಖದ ಮೇಲಿಲ್ಲ. ಹೂವು ಮಾತಾಡುತ್ತದೆ, ಮುಖ ಮೂಕವಾಗಿ ನಿಲ್ಲುತ್ತದೆ. ನನ್ನನ್ನು ಕೇಳಿದರೆ ಅರವತ್ತರ ಕೊನೆ, ಎಪ್ಪತ್ತರ ಮೊದಲಿನ ಚಿತ್ರಗಳೇ ಹೆಚ್ಚು. ಅಲ್ಲಿ ಇನ್ನೂ ಎಡವುವ ಧೈರ್ಯವಿದೆ, ಬಣ್ಣಗಳು ಇನ್ನೂ ಒಂದಕ್ಕೊಂದು ಒಗ್ಗಿಕೊಂಡಿಲ್ಲ. ಆದರೂ ಆ ಪ್ರವಾಸಿ ಅಂದಂತೆ "ಹೂವಷ್ಟೇ" ಎನ್ನಲಾರೆ. ಗಂಡಸೊಬ್ಬ ಐವತ್ತು ವರ್ಷ ಬೆಟ್ಟ ಬರೆದರೆ, ಸೇಬು ಬರೆದರೆ, ಬಾಟಲಿ ಬರೆದರೆ ಅದನ್ನು ಸಾಧನೆ, ತಪಸ್ಸು ಎನ್ನುತ್ತಾರಲ್ಲ.

ಇದನ್ನೆಲ್ಲ ಇಷ್ಟು ಬಿಸಿಯಾಗಿ ಬರೆಯಲು ಇನ್ನೊಂದು ಕಾರಣವಿದೆ. ಅದನ್ನು ಹೇಳದೆ ಬಿಟ್ಟರೆ ನಾನು ಪ್ರಾಮಾಣಿಕಳಲ್ಲ.

ಕುಮುವಿನಲ್ಲಿ ಆ ಕಪ್ಪಿನ ಮುಂದೆ ನಿಂತಾಗ ನನಗೆ ನೆನಪಾದದ್ದು ಕಲೆಯ ಇತಿಹಾಸವಲ್ಲ, ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ನನ್ನದೇ ಒಂದು ತರಗತಿ. ಡ್ರಾಯಿಂಗ್ ಮಾಸ್ತರರು ಇಲ್ಲದ ಶಾಲೆ, ಶನಿವಾರದ ಕೊನೆಯ ಪೀರಿಯಡ್ಡು ನನ್ನ ಪಾಲಿಗೆ. ಹೂಕುಂಡ ಬರೆಯಿರಿ ಎಂದಿದ್ದೆ. ಆರನೆಯ ತರಗತಿಯ ಒಬ್ಬ ಹುಡುಗಿ ಕುಂಡ ಬರೆಯಲಿಲ್ಲ. ಹಾಳೆಯ ತುಂಬ ಕಪ್ಪು ಕ್ರೆಯಾನ್ ಉಜ್ಜಿ ಉಜ್ಜಿ, ನಡುವೆ ಬಿಟ್ಟ ಜಾಗದಲ್ಲಿ ಎಂಟೊಂಬತ್ತು ಚೆಂಡುಹೂ ಬರೆದಿದ್ದಳು. ಕಿತ್ತಳೆ ಬಣ್ಣ ಉರಿಯುತ್ತಿತ್ತು. ಅವಳ ಕೈ, ಬೆಂಚು, ಲಂಗದ ಅಂಚು ಎಲ್ಲ ಕಪ್ಪು. "ಇದೇನೇ ಇದು, ಸೂತಕದ ಹಾಗೆ! ಕುಂಡ ಎಲ್ಲಿ? ಒಂದು ಇಡೀ ಕ್ರೆಯಾನ್ ಹಾಳು ಮಾಡಿದ್ದೀಯ" ಎಂದೆ. ಅವಳು, "ರಾತ್ರಿ ಟೀಚರ್. ಟಾರ್ಚ್ ಬಿಟ್ರೆ ಹಿಂಗೇ ಕಾಣೋದು" ಎಂದಳು. ಅವರದು ಹೂವಿನ ಬೆಳೆ. ಬೆಳಗಿನ ಜಾವದ ಬಸ್ಸಿಗೆ ಹೂ ಹಾಕಬೇಕೆಂದು ಮೂರು ಗಂಟೆಗೇ ಎದ್ದು ಕೀಳುತ್ತಿದ್ದರು, ಅವಳು ಟಾರ್ಚು ಹಿಡಿಯುವವಳು. ಅದು ನನಗೆ ಗೊತ್ತಿತ್ತು. ತರಗತಿಯಲ್ಲಿ ಅವಳು ತೂಕಡಿಸಿದಾಗಲೆಲ್ಲ ನಾನೇ ಬೈದಿದ್ದೆ. ಗೊತ್ತಿದ್ದೂ, "ಮಾತಿಗೆ ಮಾತು ಬೇಡ, ಬೇರೆ ಹಾಳೆ ತಗೋ, ಕುಂಡದ ಸಮೇತ ಬರಿ" ಎಂದೆ. ಬರೆದಳು. ಬಿಳಿ ಹಾಳೆ, ನಡುವೆ ಕುಂಡ, ಕುಂಡಕ್ಕೆ ಎರಡು ಪಟ್ಟೆ, ಮೂರು ಹೂವು, ಆರು ಎಲೆ. ಹತ್ತಕ್ಕೆ ಎಂಟು ಕೊಟ್ಟೆ. ಕಪ್ಪು ಹಾಳೆ ಏನಾಯಿತೋ ಗೊತ್ತಿಲ್ಲ. ನಾನೇ ಬುಟ್ಟಿಗೆ ಹಾಕಿರಬೇಕು.

ಹೂದಾನಿಯನ್ನು ಕಡ್ಡಾಯ ಮಾಡಿದವಳು ನಾನೇ, ಅಲ್ಲವೇ? ಯಾವ ಸರಕಾರವೂ ನನಗೆ ಹಾಗೆ ಮಾಡೆಂದು ಹೇಳಿರಲಿಲ್ಲ.

ತಾಲಿನ್ನಿನಿಂದ ಬರುವಾಗ ಮಲ್ಲೆಯ ಟ್ಯುಲಿಪ್‌ಗಳ ಒಂದು ಅಂಚೆಕಾರ್ಡು ತಂದೆ. ಸ್ಟಾಫ್ ರೂಮಿನ ನನ್ನ ಕಪಾಟಿನ ಬಾಗಿಲಿಗೆ ಒಳಗಿನಿಂದ ಅಂಟಿಸಿದ್ದೇನೆ. ಸಹೋದ್ಯೋಗಿಯೊಬ್ಬರು ಯಾವ ಬ್ಯಾಂಕಿನ ಕ್ಯಾಲೆಂಡರು ಎಂದು ಕೇಳಿದರು. ಆಕೆಯ ತಪ್ಪೇನಿಲ್ಲ, ಅಂಚೆಕಾರ್ಡಿನ ಗಾತ್ರಕ್ಕೆ ಇಳಿದರೆ ಆ ಕಪ್ಪು ಬರಿಯ ಕಪ್ಪಾಗುತ್ತದೆ.

ಕಳೆದ ವರ್ಷ ಬಸ್ ನಿಲ್ದಾಣದಲ್ಲಿ ಆ ಹುಡುಗಿ ಸಿಕ್ಕಳು. ಈಗ ನರ್ಸು, ಎರಡು ಮಕ್ಕಳ ತಾಯಿ. ನಾನಾಗಿಯೇ ಆ ಶನಿವಾರದ ಸುದ್ದಿ ತೆಗೆದು ತಪ್ಪಾಯಿತೆಂದೆ. "ಅಯ್ಯೋ, ನಂಗೆ ನೆನಪೇ ಇಲ್ಲ ಟೀಚರ್" ಎಂದು ನಕ್ಕುಬಿಟ್ಟಳು. ನಿಜವಾಗಿಯೂ ಮರೆತಿದ್ದಳೋ, ನನಗಾಗಿ ಮರೆತಳೋ. ಮೊಬೈಲಿನಲ್ಲಿದ್ದ ಮಲ್ಲೆಯ ಚಿತ್ರ ತೋರಿಸಿದೆ. ಬೆರಳಿನಿಂದ ಹಿಗ್ಗಿಸಿ, ಬಲಗಡೆಯ ಹೂವಿನ ಮೇಲೆ ನಿಲ್ಲಿಸಿ, ಸ್ವಲ್ಪ ಹೊತ್ತು ನೋಡಿದಳು.

"ಇದು ಕಿತ್ತು ಎರಡು ದಿನ ಆಗಿದೆ ಟೀಚರ್" ಎಂದಳು. "ನೋಡಿ, ಇಲ್ಲಿ ದಳ ಸಡಿಲ ಆಗಿದೆ. ಇದನ್ನ ಮಾರ್ಕೆಟ್ಟಲ್ಲಿ ಯಾರೂ ತಗೊಳಲ್ಲ."

ಅಷ್ಟರಲ್ಲಿ ಅವಳ ಬಸ್ಸು ಬಂತು.